ಒತ್ತಡ ಅಂಕೆಗೆ ಬಂತು, ಬದುಕು?

"ಪ್ರೆಶರ್ ಉಂಟು" ಎಂಬ ಮಾತು ನಮ್ಮ ಪೇಟೆಗಳಲ್ಲಿ ಈಗ "ಮಳೆ ಉಂಟು" ಎಂಬಷ್ಟೇ ಸಲೀಸಾಗಿ ಕೇಳಿಬರುತ್ತದೆ. ಬ್ಯಾಂಕಿನ ಸರತಿಯಲ್ಲಿ, ಬಸ್ಸು ನಿಲ್ದಾಣದ ಬೆಂಚಿನಲ್ಲಿ, ಮದುವೆಯೂಟದ ಪಂಕ್ತಿಯಲ್ಲಿ ನಾಲ್ಕು ಮಂದಿ ಹಿರಿಯರು ಕಲೆತರೆಂದರೆ ಯಾರಿಗೆ ಎಷ್ಟು, ಯಾರದು ಯಾವ ಮಾತ್ರೆ ಎಂಬ ಲೆಕ್ಕಾಚಾರ ನಡೆದೇ ನಡೆಯುತ್ತದೆ. ಒಂದು ಕಾಲಕ್ಕೆ ವಕೀಲರಿಗೂ ಸಾಹುಕಾರರಿಗೂ ಬರುವ ಕಾಯಿಲೆಯೆಂದು ಜನ ತಿಳಿದಿದ್ದ ಅಧಿಕ ರಕ್ತದೊತ್ತಡ ಇಂದು ರಿಕ್ಷಾ ಚಾಲಕರಿಂದ ಹಿಡಿದು ಶಾಲಾ ಅಧ್ಯಾಪಿಕೆಯರ ತನಕ ಯಾರನ್ನೂ ಬಿಟ್ಟಿಲ್ಲ.

2019ರಿಂದ 2021ರ ವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ವರ್ಷ ದಾಟಿದ ಹೆಂಗಸರಲ್ಲಿ ಸುಮಾರು ಶೇಕಡಾ 21 ಮಂದಿಗೂ ಗಂಡಸರಲ್ಲಿ ಶೇಕಡಾ 24 ಮಂದಿಗೂ ರಕ್ತದೊತ್ತಡ ಹೆಚ್ಚಿದೆ, ಇಲ್ಲವೇ ಅದನ್ನು ತಗ್ಗಿಸಲು ಅವರು ಮದ್ದು ಸೇವಿಸುತ್ತಿದ್ದಾರೆ. ಪಟ್ಟಣಗಳಲ್ಲಿ ಈ ಪ್ರಮಾಣ ಹಳ್ಳಿಗಳಿಗಿಂತ ಜಾಸ್ತಿ. ಕೇರಳದಲ್ಲಂತೂ ಗಂಡಸರಲ್ಲೂ ಹೆಂಗಸರಲ್ಲೂ ಸುಮಾರು ಮೂವರಲ್ಲಿ ಒಬ್ಬರು ಈ ಲೆಕ್ಕಕ್ಕೆ ಸೇರುತ್ತಾರೆ. ಅಂದಮೇಲೆ ಈ ಪತ್ರಿಕೆಯನ್ನು ಕೈಯಲ್ಲಿ ಹಿಡಿದಿರುವ ಮನೆಗಳಲ್ಲಿ ಒಬ್ಬರಾದರೂ ಬೆಳಿಗ್ಗೆ ಎದ್ದು ಮಾತ್ರೆಯ ಡಬ್ಬಿ ತೆರೆಯುವವರು ಇದ್ದೇ ಇದ್ದಾರೆಂದು ಭಾವಿಸಿದರೆ ತಪ್ಪಾಗದು.

ಈ ಕಾಯಿಲೆಯ ಕಾರಣ, ಲಕ್ಷಣ, ಅಪಾಯಗಳ ಬಗೆಗೆ ಸಾಕಷ್ಟು ಬರೆದಾಗಿದೆ. ಆದರೆ ಹತ್ತು, ಇಪ್ಪತ್ತು, ಮೂವತ್ತು ವರ್ಷಗಳ ಕಾಲ ಅದನ್ನು ಜತೆಯಲ್ಲಿಟ್ಟುಕೊಂಡು ಪೇಟೆಯಲ್ಲಿ ಬದುಕು ಸಾಗಿಸುವವರ ಸುಖದುಃಖವೇನು? ಒತ್ತಡ ಇಳಿದರೆ ಬದುಕು ತಾನಾಗಿ ಹಗುರವಾಗುತ್ತದೆಯೇ? ಇದನ್ನು ಕೇಳುವವರು ಕಡಿಮೆ. ಇಂದು ನಾವು ಎತ್ತಿಕೊಂಡಿರುವುದು ಈ ಪ್ರಶ್ನೆಯನ್ನು.

ಮೂವರು ಹೇಳಿದ ಮೂರು ಮಾತು

1982ರಲ್ಲಿ ಇಂಗ್ಲೆಂಡಿನ ವೈದ್ಯಪತ್ರಿಕೆಯೊಂದರಲ್ಲಿ ಚಿಕ್ಕ ವರದಿಯೊಂದು ಪ್ರಕಟವಾಯಿತು. ರಕ್ತದೊತ್ತಡಕ್ಕೆ ಮದ್ದು ಸೇವಿಸುತ್ತಿದ್ದ 75 ಮಂದಿಯನ್ನು ಆರಿಸಿಕೊಂಡು, ಚಿಕಿತ್ಸೆ ಶುರುವಾದ ಬಳಿಕ ಅವರ ಬದುಕು ಹೇಗಾಗಿದೆ ಎಂದು ಮೂರು ಕಡೆಯಿಂದ ವಿಚಾರಿಸಲಾಗಿತ್ತು. ಡಾಕ್ಟರನ್ನು ಕೇಳಿದಾಗ ಎಲ್ಲ 75 ಮಂದಿಯೂ ಸುಧಾರಿಸಿದ್ದಾರೆ ಎಂಬ ಉತ್ತರ ಬಂತು. ಕೊಳವೆಯಲ್ಲಿ ಪಾದರಸ ಕೆಳಗಿಳಿದಿತ್ತು. ಅವರ ಉತ್ತರ ಸಹಜವೇ. ರೋಗಿಗಳನ್ನೇ ಕೇಳಿದಾಗ ಸುಧಾರಿಸಿದೆ ಎಂದವರು ಸುಮಾರು ಅರ್ಧದಷ್ಟು ಮಾತ್ರ. ಉಳಿದವರಲ್ಲಿ ಹೆಚ್ಚಿನವರು ಬದಲಾವಣೆಯೇನೂ ಇಲ್ಲವೆಂದರು. ಇನ್ನು ಮನೆಮಂದಿಯನ್ನು ಕೇಳಿದರೆ ಒಬ್ಬರ ಹೊರತು ಉಳಿದವರೆಲ್ಲ "ಮೊದಲಿನ ಮನುಷ್ಯ ಇವರಲ್ಲ" ಎಂಬರ್ಥದ ಮಾತನ್ನೇ ಆಡಿದರು. ಸದಾ ಕಾಯಿಲೆಯದೇ ಧ್ಯಾನ, ಉತ್ಸಾಹ ಇಲ್ಲ, ಹಿಂದಿನ ಓಡಾಟವಿಲ್ಲ, ಸಣ್ಣ ಮಾತಿಗೂ ಸಿಡುಕು, ದಾಂಪತ್ಯದಲ್ಲಿ ನಿರಾಸಕ್ತಿ, ಇವು ಅವರು ಕೊಟ್ಟ ಕಾರಣಗಳು.

ಇದು ನಲವತ್ತು ವರ್ಷ ದಾಟಿದ ಮಾತು, ಮದ್ದುಗಳೂ ಅಂದಿನವಲ್ಲ. ಆದರೂ ಒಬ್ಬನೇ ಮನುಷ್ಯನನ್ನು ಕುರಿತು ಮೂವರ ಸಾಕ್ಷ್ಯ ಇಷ್ಟು ಬೇರೆಯಾಗಬಹುದೆಂಬುದನ್ನು ನಾವು ಮರೆಯಬಾರದು. ಡಾಕ್ಟರು ರೋಗಿಯನ್ನು ನೋಡುವುದು ತಿಂಗಳಿಗೆ ಐದು ನಿಮಿಷ. ಉಳಿದ ಹೊತ್ತೆಲ್ಲ ನೋಡುವವರು ಮನೆಯವರು. ಹೀಗಿದ್ದೂ ಪರೀಕ್ಷೆಯ ಕೋಣೆಯಲ್ಲಿ ಮನೆಯವರ ಬಾಯಿಗೆ ಕೆಲಸವಿರುವುದಿಲ್ಲ.

ಬಾಳಿನ ಗುಣಮಟ್ಟ ಎಂಬುದನ್ನೂ ಅಳೆಯಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಕಳೆದ ಶತಮಾನದ ಕೊನೆಯ ದಶಕದಲ್ಲಿ ಒಂದು ಪ್ರಶ್ನಾವಳಿಯನ್ನು ಸಿದ್ಧಪಡಿಸಿತು. ಅದನ್ನು ರೂಪಿಸಿದ ಕೇಂದ್ರಗಳಲ್ಲಿ ನಮ್ಮ ದೆಹಲಿಯೂ ಮದರಾಸೂ ಇದ್ದವು. ಅದರ 26 ಪ್ರಶ್ನೆಗಳ ಸಂಕ್ಷಿಪ್ತ ರೂಪ ದೇಹ, ಮನಸ್ಸು, ನೆಂಟುನಂಟು, ಸುತ್ತಲಿನ ಪರಿಸರ ಎಂಬ ನಾಲ್ಕು ಬಗೆಯಲ್ಲಿ ವಿಚಾರಿಸುತ್ತದೆ. ನಿದ್ದೆ ಹೇಗಿದೆ, ಕೈಯಲ್ಲಿ ಖರ್ಚಿಗೆ ಹಣವಿದೆಯೇ, ಓಡಾಟಕ್ಕೆ ಅನುಕೂಲವಿದೆಯೇ, ಆಪತ್ತಿಗೆ ಜನ ಇದ್ದಾರೆಯೇ ಎಂಬುವೂ ಅದರಲ್ಲಿವೆ. ರಕ್ತದೊತ್ತಡ ಎಷ್ಟೆಂಬ ಪ್ರಶ್ನೆ ಅದರಲ್ಲಿಲ್ಲ!

ಹೆಸರಿನ ಹೆದರಿಕೆ

ತೋಳಿಗೆ ಪಟ್ಟಿ ಸುತ್ತಿ ಒತ್ತಡ ಅಳೆಯುವ ಉಪಾಯವನ್ನು 1896ರಲ್ಲಿ ಇಟಲಿಯ ರಿವಾ ರೋಚಿ ಪ್ರಚಾರಕ್ಕೆ ತಂದರು. 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಸ್ಟೆತಾಸ್ಕೋಪಿನಿಂದ ಸದ್ದು ಕೇಳಿ ಮೇಲಿನ ಹಾಗೂ ಕೆಳಗಿನ ಎರಡೂ ಅಂಕಿಗಳನ್ನು ಕಂಡುಹಿಡಿಯುವ ಕ್ರಮವನ್ನು ವಿವರಿಸಿದರು. ಸಾಮಾನ್ಯವಾಗಿ ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಕಂಡರೆ ಒತ್ತಡ ಅಧಿಕವೆನ್ನುತ್ತಾರೆ. ಬೇರೆ ಬೇರೆ ದಿನ ಎಂಬ ಮಾತನ್ನು ಗಮನಿಸಬೇಕು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದವರಲ್ಲಿ, ಡಾಕ್ಟರ ಬಿಳಿ ಅಂಗಿ ಕಂಡೊಡನೆ ಎದೆ ಹೊಡೆದುಕೊಳ್ಳುವವರಲ್ಲಿ ಅಂಕಿ ಏರಿಯೇ ಇರುತ್ತದೆ. ಅಳೆಯುವ ಮುಂಚೆ ಐದು ನಿಮಿಷ ಬೆನ್ನಿಗೆ ಆಸರೆಯಿಟ್ಟು, ಪಾದ ನೆಲಕ್ಕೂರಿ, ಮಾತಿಲ್ಲದೆ ಕೂತಿರಬೇಕು. ಅದಕ್ಕೂ ಅರ್ಧ ಗಂಟೆ ಮುಂಚಿನಿಂದ ಚಹಾ, ಕಾಫಿ, ಬೀಡಿ ಮುಟ್ಟಿರಬಾರದು. ಮೂತ್ರಕ್ಕೆ ಹೋಗಿ ಬಂದಿರಬೇಕು. ತೋಳು ಎದೆಯ ಮಟ್ಟದಲ್ಲಿರಬೇಕು. ನೂಕುನುಗ್ಗಲಿನ ಆಸ್ಪತ್ರೆಗಳಲ್ಲಿ ಇದಕ್ಕೆಲ್ಲ ಪುರಸತ್ತೆಲ್ಲಿ?

ಹೀಗೆ ಒಮ್ಮೆ ಹೆಸರು ಅಂಟಿಕೊಂಡಿತೆಂದರೆ ಅದರ ಭಾರವೇ ಬೇರೆ. 1978ರಲ್ಲಿ ಪ್ರಕಟವಾದ ಕೆನಡಾದ ಉಕ್ಕಿನ ಕಾರ್ಖಾನೆಯ ಕಾರ್ಮಿಕರ ಅಧ್ಯಯನ ಇದಕ್ಕೆ ಒಳ್ಳೆಯ ನಿದರ್ಶನ. ತಮಗೆ ರಕ್ತದೊತ್ತಡವಿದೆ ಎಂದು ತಿಳಿದ ಬಳಿಕ ಕಾರ್ಮಿಕರು ಕಾಯಿಲೆಯ ಹೆಸರಿನಲ್ಲಿ ರಜೆ ಹಾಕಿದ ದಿನಗಳು ಶೇಕಡಾ 80ರಷ್ಟು ಹೆಚ್ಚಿದವು. ಹಿಂದಿನ ದಿನದವರೆಗೆ ಕೆಲಸ ಮಾಡುತ್ತಿದ್ದ ದೇಹ ಅದೇ. ಬದಲಾದದ್ದು ತನ್ನ ಬಗ್ಗೆ ತನಗಿದ್ದ ಭಾವನೆ.

ನಮ್ಮಲ್ಲಿಯೂ ಇದನ್ನು ಕಾಣುತ್ತೇವೆ. ಪ್ರೆಶರ್ ಎಂದು ಗೊತ್ತಾದೊಡನೆ ಭಜನೆಗೂ ಯಕ್ಷಗಾನಕ್ಕೂ ಹೋಗುವುದನ್ನು ನಿಲ್ಲಿಸಿದವರು, ಮೊಮ್ಮಗುವನ್ನು ಎತ್ತಿಕೊಳ್ಳಲು ಹೆದರುವವರು, ದಿನಕ್ಕೆ ಹತ್ತು ಸಲ ಯಂತ್ರ ಕಟ್ಟಿಕೊಂಡು ಅಂಕಿ ನೋಡಿ ನೋಡಿ ಕಂಗೆಡುವವರು ಇದ್ದಾರೆ. ಇದಕ್ಕೆ ತದ್ವಿರುದ್ಧವಾಗಿ "ತಲೆ ತಿರುಗಿದರೆ ಮಾತ್ರ ಮಾತ್ರೆ" ಎಂಬ ಸ್ವಂತ ವೈದ್ಯವನ್ನು ನಂಬಿದವರೂ ಇದ್ದಾರೆ. ಈ ಕಾಯಿಲೆ ಬಹುಮಟ್ಟಿಗೆ ಸದ್ದೇ ಮಾಡದೆ ರಕ್ತನಾಳ, ಹೃದಯ, ಮೂತ್ರಪಿಂಡ, ಕಣ್ಣುಗಳನ್ನು ಕೆಡಿಸುವಂಥದು. ತಲೆ ತಿರುಗಲಿ ಎಂದು ಕಾಯುತ್ತಾ ಕೂತವರಿಗೆ ಅದು ನೇರವಾಗಿ ಪಾರ್ಶ್ವವಾಯುವಿನ ರೂಪದಲ್ಲೇ ಎದುರಾಗಬಹುದು.

ಮದ್ದಿನ ಉಪಕಾರ, ಮದ್ದಿನ ಉಪಟಳ

ಮದ್ದಿನ ಇತಿಹಾಸದಲ್ಲಿ ಭಾರತಕ್ಕೂ ಒಂದು ಪಾಲಿದೆ. ಸರ್ಪಗಂಧಿಯ ಬೇರನ್ನು ನಮ್ಮ ನಾಟಿವೈದ್ಯರು ಬಹುಕಾಲದಿಂದ ಬಲ್ಲರು. ಅದು ರಕ್ತದೊತ್ತಡವನ್ನು ತಗ್ಗಿಸುತ್ತದೆಂಬುದನ್ನು 1949ರಲ್ಲಿ ಮುಂಬಯಿಯ ಹೃದ್ರೋಗ ತಜ್ಞ ಡಾ. ರುಸ್ತುಂ ಜಾಲ್ ವಕೀಲ್ ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಬರೆದು ಲೋಕದ ಗಮನ ಸೆಳೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಅದರಿಂದ ರಿಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಒತ್ತಡವೇನೋ ಇಳಿಯಿತು, ಆದರೆ ಅದನ್ನು ಸೇವಿಸಿದವರಲ್ಲಿ ಕೆಲವರು ಮಂಕಾದರು, ಖಿನ್ನರಾದರು ಎಂಬ ದೂರುಗಳು ಬರತೊಡಗಿದವು. ಇಂದು ಅದರ ಬಳಕೆ ಅಪರೂಪ. ಆಮೇಲೆ ಬಂದ ಮೀಥೈಲ್‌ಡೋಪಾ ತೂಕಡಿಕೆ ತರಿಸುತ್ತಿತ್ತು, ಪ್ರೊಪ್ರನಲಾಲ್ ದಣಿವು ತರುತ್ತಿತ್ತು.

1986ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದು ಪ್ರಕಟಿಸಿದ ಅಧ್ಯಯನದಲ್ಲಿ 626 ಗಂಡಸರಿಗೆ ಮೂರು ಬೇರೆ ಬೇರೆ ಮದ್ದುಗಳನ್ನು 24 ವಾರಗಳ ಕಾಲ ಕೊಟ್ಟು ನೋಡಲಾಯಿತು. ಒತ್ತಡವನ್ನು ಇಳಿಸುವುದರಲ್ಲಿ ಅವುಗಳ ನಡುವೆ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಉಲ್ಲಾಸ, ಕೆಲಸದ ಸಾಮರ್ಥ್ಯ, ಬದುಕಿನ ತೃಪ್ತಿ ಇವುಗಳಲ್ಲಿ ಮಾತ್ರ ಅಂತರವಿತ್ತು. ಆಗ ಹೊಸದಾಗಿದ್ದ ಕ್ಯಾಪ್ಟೊಪ್ರಿಲ್ ಸೇವಿಸಿದವರು ಮೀಥೈಲ್‌ಡೋಪಾ ಸೇವಿಸಿದವರಿಗಿಂತ ಎಷ್ಟೋ ಲವಲವಿಕೆಯಿಂದಿದ್ದರು. ಒತ್ತಡವನ್ನು ಒಂದೇ ಸಮನಾಗಿ ಇಳಿಸುವ ಮದ್ದುಗಳೂ ಮನುಷ್ಯನನ್ನು ಒಂದೇ ರೀತಿ ಇಟ್ಟಿರುವುದಿಲ್ಲ ಎಂದು ಇದರಿಂದ ಸಿದ್ಧವಾಯಿತು.

ಇಂದಿನ ಮದ್ದುಗಳು ಹಿಂದಿನವುಗಳಿಗಿಂತ ಬಹಳ ಸೌಮ್ಯ. ಹಾಗೆಂದು ಉಪಟಳ ಇಲ್ಲವೇ ಇಲ್ಲವೆನ್ನುವಂತಿಲ್ಲ. ಆಮ್ಲೋಡಿಪಿನ್ ಕೆಲವರಲ್ಲಿ ಕಾಲಿನ ಗಂಟು ಊದಿಸುತ್ತದೆ. ಎನಲಾಪ್ರಿಲ್ ಜಾತಿಯವು ಕೆಲವರಿಗೆ ಬಿಡದ ಒಣಕೆಮ್ಮು ತರುತ್ತವೆ. ನೀರು ಹೋಗುವ ಮಾತ್ರೆಗಳು ಮತ್ತೆ ಮತ್ತೆ ಮೂತ್ರಕ್ಕೆ ಓಡಿಸುತ್ತವೆ. ಥಟ್ಟನೆ ಎದ್ದು ನಿಂತಾಗ ಕೆಲವರಿಗೆ ಕಣ್ಣು ಕತ್ತಲೆ ಬರುತ್ತದೆ. ವಯಸ್ಸಾದವರಲ್ಲಿ ಇದರಿಂದ ಬಿದ್ದು ಸೊಂಟ ಮುರಿದುಕೊಳ್ಳುವ ಭಯವಿದೆ. ಗಂಡಸರಲ್ಲಿ ಕೆಲವರು ದಾಂಪತ್ಯದ ತೊಂದರೆಯನ್ನು ಯಾರಲ್ಲೂ ಹೇಳಿಕೊಳ್ಳಲಾಗದೆ ಸುಮ್ಮನೆ ಮಾತ್ರೆ ಬಿಟ್ಟುಬಿಡುತ್ತಾರೆ.

ಸುಮ್ಮನೆ ಬಿಟ್ಟುಬಿಡುವುದು, ಇದೇ ದೊಡ್ಡ ಗಂಡಾಂತರ. 2016ರಲ್ಲಿ ಪ್ರಕಟವಾದ, 123 ಪ್ರಯೋಗಗಳಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ ಲೆಕ್ಕಾಚಾರದ ಪ್ರಕಾರ ಮೇಲಿನ ಅಂಕಿಯನ್ನು 10ರಷ್ಟು ಇಳಿಸಿದರೂ ಪಾರ್ಶ್ವವಾಯುವಿನ ಸಂಭವ ಕಾಲು ಪಾಲಿಗಿಂತ ಹೆಚ್ಚು ಕಡಿಮೆಯಾಗುತ್ತದೆ. ಇಷ್ಟು ದೊಡ್ಡ ಲಾಭವನ್ನು ಊದಿದ ಕಾಲಿಗಾಗಿಯೋ ಕೆಮ್ಮಿಗಾಗಿಯೋ ಕೈಬಿಡಬೇಕಾದ್ದಿಲ್ಲ. ಒಂದು ಮದ್ದು ಒಗ್ಗದಿದ್ದರೆ ಇನ್ನೊಂದಿದೆ. ಪ್ರಮಾಣ ತಗ್ಗಿಸಿ ಎರಡನ್ನು ಕೂಡಿಸಿ ಕೊಡುವ ಉಪಾಯವಿದೆ. ಸೇವಿಸುವ ಹೊತ್ತನ್ನು ಬದಲಿಸಬಹುದು. ಆದರೆ ಒಗ್ಗುತ್ತಿಲ್ಲವೆಂದು ಡಾಕ್ಟರಿಗೆ ಹೇಳದೆ ಅವರಿಗೆ ಗೊತ್ತಾಗುವ ಬಗೆ ಹೇಗೆ?

ಪೇಟೆಯ ಪಾಡು

ಮದ್ದು ಒಂದೇ ಆದರೂ ಅದನ್ನು ಸೇವಿಸಿ ಬದುಕುವ ಜಾಗ ಒಂದೇ ಅಲ್ಲ. ನೀರು ಹೋಗುವ ಮಾತ್ರೆ ನುಂಗಿ ತೋಟದ ಮನೆಯಲ್ಲಿರುವವರಿಗೆ ತೊಂದರೆಯಿಲ್ಲ. ಅದನ್ನೇ ನುಂಗಿ ಕಾಸರಗೋಡಿನಿಂದ ಮಂಗಳೂರಿಗೆ ಬಸ್ಸು ಹತ್ತುವ ಹೆಂಗಸಿನ ಪಾಡೇನು? ಅಂಗಡಿಗಳಲ್ಲಿ ದಿನವಿಡೀ ನಿಂತು ಸೀರೆ ಬಿಡಿಸಿ ತೋರಿಸುವ ಹುಡುಗಿಯರ ಪಾಡೇನು? ಶುಚಿಯಾದ ಸಾರ್ವಜನಿಕ ಶೌಚಾಲಯ ಕಣ್ಣಿಗೆ ಬೀಳದ ಪೇಟೆಯಲ್ಲಿ ಅವರಿಗೆ ತೋರುವ ದಾರಿ ಎರಡೇ: ನೀರು ಕುಡಿಯದಿರುವುದು, ಇಲ್ಲವೇ ಹೊರಗೆ ಹೋಗುವ ದಿನ ಮಾತ್ರೆ ತಪ್ಪಿಸುವುದು. ಎರಡೂ ಒಳ್ಳೆಯದಲ್ಲ. ಹೊತ್ತು ಬದಲಿಸಬಹುದೇ ಎಂದು ಕೇಳಿಕೊಳ್ಳಬಹುದು. ಆದರೆ ಪಟ್ಟಣಕ್ಕೊಂದು ಒಳ್ಳೆಯ ಶೌಚಾಲಯ ಕಟ್ಟಿಸುವುದೂ ರಕ್ತದೊತ್ತಡದ ಚಿಕಿತ್ಸೆಯೇ ಎಂಬುದು ನಗರಸಭೆಯವರಿಗೆ ಹೊಳೆಯಬೇಕು.

ದಿನಾ ನಡೆಯಿರಿ ಎಂದು ಡಾಕ್ಟರು ಹೇಳುತ್ತಾರೆ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆದರೂ ಲಾಭವಿದೆ. ಹೇಳಿದಷ್ಟು ಸುಲಭವೇ ಇದು? ನಡೆಯುವ ದಾರಿಯನ್ನು ಸ್ಕೂಟರುಗಳೂ ತರಕಾರಿ ಬುಟ್ಟಿಗಳೂ ಹಂಚಿಕೊಂಡಿವೆ. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಮಗನ ಫ್ಲಾಟಿಗೆ ಹೋಗಿ ನೆಲೆಸಿದ ನಮ್ಮ ಊರಿನ ಅಜ್ಜಂದಿರಿಗೆ ಇನ್ನೂ ಕಷ್ಟ. ಅಡಿಕೆ ತೋಟದಲ್ಲಿ ದಿನಕ್ಕೆ ನಾಲ್ಕು ಸುತ್ತು ಬರುತ್ತಿದ್ದವರು ಅಲ್ಲಿ ಏಳನೆಯ ಮಹಡಿಯ ಕಿಟಕಿಯ ಬಳಿ ಕೂತು ಕೆಳಗಿನ ವಾಹನಗಳನ್ನು ಎಣಿಸುತ್ತಾರೆ. ಮಾತಿಗೆ ಜನವಿಲ್ಲ. ಅಂಥವರಿಗೆ ಬೆಳಿಗ್ಗೆ ಕಟ್ಟಡದ ಅಂಗಳದಲ್ಲಾದರೂ ಜತೆಗೊಬ್ಬರು ನಡೆಯುವವರು ಸಿಕ್ಕಿದರೆ ಕಾಲಿಗೂ ಮನಸ್ಸಿಗೂ ಒಟ್ಟಿಗೇ ಮದ್ದಾದೀತು.

ಇನ್ನು ಸದ್ದು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮೀರಬಾರದೆಂದು 2000ದ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ. ಹೆದ್ದಾರಿಯ ಬದಿಯ ಮನೆಗಳಲ್ಲಿ ಮಲಗುವವರನ್ನು ಕೇಳಿದರೆ ಈ ನಿಯಮದ ಯೋಗ್ಯತೆ ತಿಳಿದೀತು. ರಾತ್ರಿಯ ಸದ್ದು ನಿದ್ದೆ ಕೆಡಿಸುತ್ತದೆ, ಕೆಟ್ಟ ನಿದ್ದೆ ಒತ್ತಡವನ್ನು ಏರಿಸುತ್ತದೆ ಎಂಬುದಕ್ಕೆ ಈಗ ಸಾಕಷ್ಟು ಆಧಾರಗಳಿವೆ. ಗಟ್ಟಿಯಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟಿದಂತಾಗುವವರಂತೂ ಅದನ್ನು ತಮಾಷೆಯೆಂದು ಬಗೆಯದೆ ಡಾಕ್ಟರಲ್ಲಿ ಹೇಳಬೇಕು. ಮದ್ದಿಗೆ ಬಗ್ಗದ ಒತ್ತಡಕ್ಕೆ ಅದೂ ಒಂದು ಕಾರಣ.

ಉಪ್ಪಿನ ಋಣ

ಉಪ್ಪು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಚಹಾ ಚಮಚದಲ್ಲಿ ಒಂದಕ್ಕೂ ತುಸು ಕಡಿಮೆ. ನಾವು ಭಾರತೀಯರು ತಿನ್ನುವುದು ಸುಮಾರು 8ರಿಂದ 11 ಗ್ರಾಂ. ಕುಚ್ಚಲಕ್ಕಿ ಗಂಜಿಗೆ ಉಪ್ಪಿನಕಾಯಿ, ಮಳೆಗಾಲಕ್ಕೆ ಉಪ್ಪು ಸೊಳೆ, ಭರಣಿಯ ನೀರಿನಲ್ಲಿ ಮುಳುಗಿದ ಮಾವಿನಕಾಯಿ, ಹಪ್ಪಳ, ಸಂಡಿಗೆ, ಒಣಮೀನು, ಇವು ನಮ್ಮ ಕರಾವಳಿಯ ನಾಲಿಗೆಯ ಆಸ್ತಿ. ಗದ್ದೆಯಲ್ಲಿ ಬೆವರು ಸುರಿಸುತ್ತಿದ್ದ ಅಜ್ಜನ ಊಟವನ್ನು ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ಮೊಮ್ಮಗನೂ ಉಣ್ಣುತ್ತಿದ್ದಾನೆ. ಸಾಲದೆಂಬಂತೆ ಪೇಟೆಯ ಬೇಕರಿಯ ಬ್ರೆಡ್ಡು, ಬಿಸ್ಕೆಟ್ಟು, ಮಿಕ್ಸ್ಚರು, ಹೋಟೆಲಿನ ಗ್ರೇವಿಗಳು ಬೇರೆ ಸೇರಿಕೊಂಡಿವೆ.

ಇಲ್ಲಿ ಮನೆಗಳಲ್ಲಿ ನಡೆಯುವ ಒಂದು ಕ್ರೌರ್ಯವನ್ನು ಹೇಳಲೇಬೇಕು. ಪ್ರೆಶರ್ ಇದ್ದವರಿಗೆ ಬೇರೆ ಪಾತ್ರೆ, ಸಪ್ಪೆ ಸಾರು. ಎದುರಿಗೇ ಉಳಿದವರಿಗೆ ಒಗ್ಗರಣೆಯ ಘಮಘಮ. ವಾರವೆರಡು ಕಳೆಯುವಷ್ಟರಲ್ಲಿ ಆ ಜೀವ ಊಟವೆಂದರೆ ಬೇಸರಪಡುತ್ತದೆ, ಕದ್ದು ಉಪ್ಪಿನಕಾಯಿಗೆ ಕೈ ಹಾಕುತ್ತದೆ. ಇದಕ್ಕಿಂತ ಇಡೀ ಮನೆಯ ಅಡುಗೆಯಲ್ಲೇ ಉಪ್ಪನ್ನು ವಾರವಾರವೂ ಸ್ವಲ್ಪ ಸ್ವಲ್ಪ ಇಳಿಸುತ್ತಾ ಬರುವುದು ಮೇಲು. ಹುಳಿ, ಕಾಳುಮೆಣಸು, ಶುಂಠಿ, ಬೆಳ್ಳುಳ್ಳಿ, ಕರಿಬೇವುಗಳು ಇರುವ ನಾಡಿನಲ್ಲಿ ರುಚಿಗೆ ಬರವೇ? ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ಹಬ್ಬದ ದಿನ ಒಂದು ಹಪ್ಪಳ ತಿಂದರೆ ಆಕಾಶ ಕಳಚಿ ಬೀಳುವುದಿಲ್ಲ. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಮ್ಮಿನ ಉಪ್ಪಿನಿಂದ ಪಾರ್ಶ್ವವಾಯು ತಗ್ಗುವುದು 2021ರಲ್ಲಿ ಚೀನಾದ 600 ಹಳ್ಳಿಗಳ ಪ್ರಯೋಗದಲ್ಲಿ ಕಂಡುಬಂದಿದೆ. ಆದರೆ ಅದರಲ್ಲಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡದ ತೊಂದರೆಯಿದ್ದವರು, ಕೆಲವು ಬಗೆಯ ಮಾತ್ರೆ ಸೇವಿಸುವವರು ಡಾಕ್ಟರನ್ನು ಕೇಳದೆ ಬಳಸಬಾರದು.

ಆಚೆಯ ಡಾಕ್ಟರು, ಈಚೆಯ ಚೀಟಿ

ಗಡಿಯ ಜಿಲ್ಲೆಯವರಾದ ನಮಗೆ ಇನ್ನೊಂದು ವಿಶೇಷ ತೊಡಕಿದೆ. ನಮ್ಮಲ್ಲಿ ಬಹಳ ಮಂದಿಯ ಡಾಕ್ಟರು ಮಂಗಳೂರಿನಲ್ಲಿ, ಮದ್ದಿನಂಗಡಿ ಇಲ್ಲಿ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆಚೆಯ ಆಸ್ಪತ್ರೆಯನ್ನೇ ನಂಬಿದ್ದವರು ಪಟ್ಟ ಬವಣೆ ಮರೆಯುವಂಥದಲ್ಲ. ಪ್ರಕರಣ ಹೈಕೋರ್ಟು, ಸುಪ್ರೀಂ ಕೋರ್ಟುಗಳ ಮೆಟ್ಟಿಲೇರಿತು. ವರ್ಷಗಟ್ಟಲೆ ದಿನವೂ ಮದ್ದು ಬೇಕಾದವರು ಹತ್ತಿರದಲ್ಲೇ ಒಂದು ಆಸರೆ ಇಟ್ಟುಕೊಳ್ಳಬೇಕೆಂಬ ಪಾಠವನ್ನು ಅದು ಕಲಿಸಿತು.

ಕೇರಳದಲ್ಲಿ ಅಂಥ ಆಸರೆ ಇಲ್ಲದಿಲ್ಲ. 2017ರಲ್ಲಿ ಆರಂಭವಾದ ಆರ್ದ್ರಂ ಯೋಜನೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಕುಟುಂಬ ಆರೋಗ್ಯ ಕೇಂದ್ರಗಳಾಗಿ ಬದಲಾದವು. ಜೀವನಶೈಲಿ ರೋಗಗಳ ಕ್ಲಿನಿಕ್ಕಿನಲ್ಲಿ ಒತ್ತಡ ಅಳೆದು, ಹೆಸರು ಬರೆದಿಟ್ಟು, ಮಾತ್ರೆ ಕೊಡುತ್ತಾರೆ. ಅದೇ ವರ್ಷ ದೇಶದಲ್ಲಿ ರಕ್ತದೊತ್ತಡ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಐದು ರಾಜ್ಯಗಳಲ್ಲಿ ಶುರುವಾದಾಗ ಅವುಗಳಲ್ಲಿ ಕೇರಳವೂ ಒಂದಾಗಿತ್ತು. ಹೊರಗೆ ಕೊಳ್ಳುವವರಿಗೆ ಜನೌಷಧಿ, ಕಾರುಣ್ಯ, ನೀತಿ ಅಂಗಡಿಗಳಲ್ಲಿ ಬೆಲೆ ಅಗ್ಗ.

ತೊಡಕಿರುವುದು ಮಾತಿನಲ್ಲಿ. ಆಚೆಯ ಡಾಕ್ಟರು ಒಂದು ಕಂಪೆನಿಯ ಹೆಸರು ಬರೆಯುತ್ತಾರೆ. ಈಚೆಯಲ್ಲಿ ಅದೇ ಮದ್ದನ್ನು ಬೇರೆ ಹೆಸರಿನಲ್ಲಿ ಕೊಡುತ್ತಾರೆ. ಸೂಚನೆಯೆಲ್ಲ ಮಲಯಾಳದಲ್ಲಿ. ಕನ್ನಡ ಮಾತ್ರ ಓದಬಲ್ಲ ಅಜ್ಜಿ ಬಿಳಿ ಮಾತ್ರೆ, ಕೆಂಪು ಮಾತ್ರೆ ಎಂದು ಬಣ್ಣದಿಂದ ಗುರುತಿಟ್ಟುಕೊಂಡು, ಒಂದೇ ಮದ್ದನ್ನು ಎರಡು ಹೆಸರಿನಲ್ಲಿ ಎರಡು ಸಲ ನುಂಗಿದರೆ ಆಶ್ಚರ್ಯವಿಲ್ಲ. ಕನ್ನಡಿಗರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಮನ್ನಿಸಿದೆ. ಅರ್ಜಿಗೆ ಸಲ್ಲುವ ಭಾಷೆ ಮಾತ್ರೆಯ ಲಕೋಟೆಗೂ ಸಲ್ಲಬೇಡವೇ? ಬೆಳಿಗ್ಗೆ, ರಾತ್ರಿ, ಊಟದ ಮುಂಚೆ, ಊಟದ ನಂತರ ಎಂಬ ನಾಲ್ಕು ಮಾತು ಕನ್ನಡದಲ್ಲಿ ಅಚ್ಚು ಹಾಕಿಸಲು ಬಹಳ ಖರ್ಚು ತಗಲದು. ಅಷ್ಟರ ತನಕ ಮನೆಯ ಶಾಲಾ ಮಕ್ಕಳು ಲಕೋಟೆಯ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಡಲಿ.

ಕೇಳಬೇಕಾದದ್ದು, ಹೇಳಬೇಕಾದದ್ದು

ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ಓದುಗರು ಮೂರು ಕೆಲಸ ಮಾಡಬೇಕೆಂದು ನಮ್ಮ ಕೋರಿಕೆ. ಮೊದಲನೆಯದು, ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನು, ನೋವಿನ ಮಾತ್ರೆ, ಆಯುರ್ವೇದದ ಗುಳಿಗೆ ಸಹಿತ, ಒಂದು ಚೀಲದಲ್ಲಿ ಹಾಕಿ ಒಯ್ಯುವುದು. ಕೆಲವು ನೋವಿನ ಮಾತ್ರೆಗಳೇ ಒತ್ತಡ ಏರಿಸುತ್ತವೆ. ಎರಡನೆಯದು, ಜತೆಯಲ್ಲಿ ಇರುವವರನ್ನು, ಅಂದರೆ ಹೆಂಡತಿಯನ್ನೋ ಗಂಡನನ್ನೋ ಮಗಳನ್ನೋ ಕರೆದೊಯ್ದು ಅವರಿಗೂ ಮಾತಾಡಲು ಬಿಡುವುದು. ಮೂರನೆಯದು, ಅಂಕಿ ಎಷ್ಟೆಂದು ಕೇಳಿದ ಮೇಲೆ ಎದ್ದು ಬಾರದೆ, ಮದ್ದು ಶುರುವಾದ ಬಳಿಕ ನಿದ್ದೆ, ನಡಿಗೆ, ಸಿಟ್ಟು, ಸಂಸಾರ ಹೇಗಿದೆಯೆಂದು ಸಂಕೋಚ ಬಿಟ್ಟು ಹೇಳುವುದು.

ಡಾಕ್ಟರುಗಳಲ್ಲೂ ಒಂದು ಕೋರಿಕೆ ಇದೆ. ಸರತಿಯಲ್ಲಿ ಐವತ್ತು ಮಂದಿ ಕಾಯುತ್ತಿರುತ್ತಾರೆಂಬುದು ನಮಗೆ ಗೊತ್ತು. ಆದರೂ ತೋಳಿನ ಪಟ್ಟಿ ಬಿಚ್ಚುವಾಗ "ಹೇಗಿದ್ದೀರಿ?" ಎಂದು ಕೇಳಿ ಉತ್ತರಕ್ಕೆ ಅರ್ಧ ನಿಮಿಷ ಕಾದರೆ, ಸದ್ದಿಲ್ಲದೆ ಮಾತ್ರೆ ಬಿಟ್ಟವರೆಷ್ಟೋ ಮಂದಿ ಅದನ್ನು ಅಲ್ಲಿಯೇ ಹೇಳಿಯಾರು. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯಂತೆ ಲೋಕದಲ್ಲಿ ಅಧಿಕ ರಕ್ತದೊತ್ತಡವಿರುವ ಐವರಲ್ಲಿ ಸುಮಾರು ಒಬ್ಬರದಷ್ಟೇ ಹತೋಟಿಯಲ್ಲಿದೆ. ಉಳಿದ ನಾಲ್ವರಲ್ಲಿ ಮದ್ದನ್ನು ಅರ್ಧಕ್ಕೆ ಬಿಟ್ಟವರೂ ಇದ್ದಾರೆ. ಅವರನ್ನು ಮರಳಿ ಕರೆತರಬೇಕಾದರೆ ಅವರು ಬಿಟ್ಟದ್ದೇಕೆಂದು ಮೊದಲು ಕೇಳಬೇಕಾಗುತ್ತದೆ.